ವಿಡಿಯೊ ಗೇಮ್‌ಗಳಲ್ಲಿ ಹೆಣ್ಣು ಪಾತ್ರಗಳು: ಬಂಗಾರಕ್ಕನ ಸೀಮೆಯಿಂದ ಕಂಡಂತೆ

ಕಂಪ್ಯೂಟರ್, ಟಿವಿಗೆ ಜೋಡಿಸುವ ಕನ್ಸೋಲ್, ಮೊಬೈಲ್ ಇವುಗಳಲ್ಲಿ ಆಡುವ ಆಟಗಳೊಳಗೆ ಬರುವ ಸ್ತ್ರೀರೂಪಗಳನ್ನು ವಿಡಿಯೊ ಗೇಮ್‌ಗಳ ಹೆಣ್ಣು ಪಾತ್ರಗಳು ಎನ್ನುತ್ತಾರೆ. ಆಕೆ ಆಟಗಾರ ತಾನೇ ಓಡಿಸುವ ನಾಯಕಿಯಾಗಿರಬಹುದು, ಶತ್ರುವಾಗಿರಬಹುದು, ಕೋಟೆಯೊಳಗೆ ಕೂತು ಬಿಡುಗಡೆಗೆ ಕಾಯುವ ರಾಜಕುಮಾರಿಯಾಗಿರಬಹುದು, ದಾರಿಬದಿ ನಿಂತು ಎರಡು ಮಾತಾಡಿ ಮರೆಯಾಗುವವಳೂ ಆಗಿರಬಹುದು. ಸಿನಿಮಾ, ಕಾದಂಬರಿಗಳ ಸ್ತ್ರೀ ಚಿತ್ರಣದ ಚರ್ಚೆಗೆ ನೂರು ವರ್ಷದ ಹಳಮೆ ಇದ್ದರೆ ಈ ಚರ್ಚೆಗೆ ಇರುವುದು ನಾಲ್ಕು ದಶಕದ ವಯಸ್ಸು. ಸಿನಿಮಾದವಳನ್ನು ನೋಡುತ್ತೇವೆ, ಆಟದವಳನ್ನು ಆಡಿಸುತ್ತೇವೆ. ಆದ್ದರಿಂದ ಆಕೆ ಉಟ್ಟಿದ್ದೇನು ಎಂಬುದರ ಜೊತೆಗೆ, ಆಕೆಯಿಂದ ಏನೇನು ಮಾಡಿಸಲು ಆಟ ಬಿಡುತ್ತದೆ ಎಂದೂ ಕೇಳಬೇಕಾಗುತ್ತದೆ. ಉಡುಗೆಯ ಮಾತು ಈ ಚರ್ಚೆಯಲ್ಲಿ ಬೇಕಾದಷ್ಟು ಆಗಿದೆ. ಈ ಲೇಖನ ಕೆಲಸದ ಕಡೆ ಹೆಚ್ಚು ಗಮನ ಕೊಡುತ್ತದೆ.

ಆಡಿಸುವ ಹೆಣ್ಣುರೂಪ ಕನ್ನಡ ನಾಡಿಗೆ ಹೊಸದಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ ಗೊಂಬೆಯ ಸೀಮೆ. ಕಿನ್ನಾಳದ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಅಂಗಾಂಗ ಕೂಡಿಸಿ, ಬಣ್ಣ ಹಚ್ಚಿ ಗೌರಿಯನ್ನು ಮಾಡುತ್ತಾರೆ. ಅದೇ ಸೀಮೆಯ ಭಾನಾಪುರದ ಬಳಿ ಸುಮಾರು 400 ಎಕರೆಯ ಆಟಿಕೆ ಕೈಗಾರಿಕಾ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಈ ಎರಡಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಬೆಳಕು ಹಾಯಿಸಿ ತೆರೆಯ ಮೇಲೆ ಆಡಿಸುವ ತೊಗಲು ಗೊಂಬೆ.

ತೆರೆಯ ಹಳೆಯ ಹೆಂಗಸರು

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96. ತಲೆಮಾರುಗಳಿಂದ ತೊಗಲು ಗೊಂಬೆಯಾಟವನ್ನೇ ಕಸುಬಾಗಿಸಿಕೊಂಡ ಶಿಳ್ಳೇಕ್ಯಾತ ಸಮುದಾಯದ ಹೆಣ್ಣುಮಗಳು ಅವರು. ಮೇಕೆಯ ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ರೂಪ ಕತ್ತರಿಸಿ, ಬಣ್ಣ ತುಂಬಿ, ಒಡವೆ ಇರಬೇಕಾದಲ್ಲಿ ಸಣ್ಣ ಸಣ್ಣ ತೂತು ಕೊರೆಯುತ್ತಾರೆ. ತೆರೆಯ ಹಿಂದೆ ದೀಪ ಹಚ್ಚಿದಾಗ ಆ ತೂತುಗಳೇ ಮೂಗುತಿಯಾಗಿ, ಡಾಬಾಗಿ ಮಿನುಗುತ್ತವೆ. ಹಿಂದೆ ಎಣ್ಣೆಯ ದೀಪವಿತ್ತು, ಈಗ ಬಲ್ಬು ಬಂದಿದೆ. ಎಣ್ಣೆದೀಪದ ಉರಿ ತೂಗಾಡುವಾಗ ಗೊಂಬೆ ಉಸಿರಾಡಿದಂತೆ ಕಾಣುತ್ತಿತ್ತು. ಬಲ್ಬಿನಲ್ಲಿ ಆ ಅದುರು ಇಲ್ಲ.

ಈ ಗೊಂಬೆಗಳ ಅಳತೆಯಲ್ಲೇ ಒಂದು ಕಾಯಿದೆ ಇದೆ. ದೇವರು, ರಾಜರು ದೊಡ್ಡವರು, ಆಳುಕಾಳು ಸಣ್ಣವರು. ಒಂದೊಂದೇ ಗೊಂಬೆಯಲ್ಲದೆ ಇಡೀ ಸನ್ನಿವೇಶವನ್ನು ಒಂದೇ ತೊಗಲಿನಲ್ಲಿ ಕೊರೆಯುವುದೂ ಉಂಟು. ಅಶೋಕವನದ ಸೀತೆ ಅಂಥ ಸನ್ನಿವೇಶ. ಮರ, ಕಾವಲಿನ ರಾಕ್ಷಸಿಯರು, ನಡುವೆ ತಲೆ ತಗ್ಗಿಸಿ ಕೂತ ಸೀತೆ, ಎಲ್ಲ ಒಂದಕ್ಕೊಂದು ಅಂಟಿದಂತೆ. ರಾಮನ ಗೊಂಬೆ ತೆರೆಯ ಈ ತುದಿಯಿಂದ ಆ ತುದಿಗೆ ಹೋಗಬಲ್ಲದು, ಹನುಮಂತನದು ಹಾರಬಲ್ಲದು. ಸೀತೆಯನ್ನು ಅಲುಗಾಡಿಸಬೇಕೆಂದರೆ ಮರವನ್ನೂ ಜೊತೆಗೆ ಅಲುಗಾಡಿಸಬೇಕು.

ಕಥೆ ಶುರುವಾಗುವ ಮೊದಲು, ಗಣಪತಿ ಸರಸ್ವತಿಯರ ಸ್ತುತಿ ಮುಗಿದ ಮೇಲೆ, ಕಿಳ್ಳೇಕ್ಯಾತ ಎಂಬ ಹಾಸ್ಯಗಾರ ಬರುತ್ತಾನೆ. ಹಿಂದೆಯೇ ಅವನ ಹೆಂಡತಿ ಬಂಗಾರಕ್ಕ. ಇಬ್ಬರೂ ಕಪ್ಪು ಬಣ್ಣ, ವಿಕಾರ ರೂಪ, ಬಾಯಿ ಜೋರು. ಬಂಗಾರಕ್ಕ ಗಂಡನನ್ನು ಬೈಯುತ್ತಾಳೆ, ಬೈಸಿಕೊಳ್ಳುತ್ತಾಳೆ, ಪೋಲಿ ಮಾತಾಡುತ್ತಾಳೆ, ರಾಮಾಯಣದ ನಡುವೆ ಬೇಕಾದಾಗ ನುಗ್ಗಿ ಜನರನ್ನು ನಗಿಸಿ ಹೋಗುತ್ತಾಳೆ. ಆಕೆ ಚೆಲುವೆಯಲ್ಲ, ಪತಿವ್ರತೆಯ ಮಾದರಿಯಲ್ಲ, ಯಾರೂ ಅವಳನ್ನು ಬಿಡಿಸಿಕೊಂಡು ಬರಬೇಕಾದ್ದೂ ಇಲ್ಲ. ಒಂದೇ ತೆರೆಯ ಮೇಲೆ ಹೀಗೆ ಮೂರು ಬಗೆಯ ಹೆಣ್ಣು: ಸೆರೆಯಲ್ಲಿ ಕೂತ ಸೀತೆ, ಅಸುರರನ್ನು ಕೊಲ್ಲುವ ದೇವಿ, ಜಗಳಗಂಟಿ ಬಂಗಾರಕ್ಕ. ಜಗತ್ತಿನ ವಿಡಿಯೊ ಗೇಮ್‌ಗಳು ಮೊದಲು ಸೀತೆಯನ್ನು ಕಂಡುಕೊಂಡವು, ಆಮೇಲೆ ದೇವಿಯನ್ನು. ಬಂಗಾರಕ್ಕನ ಸರದಿ ತೀರ ತಡವಾಗಿ ಬಂತು.

ಕೋಟೆಯಲ್ಲಿ ಕೂತವಳು

1981ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಗಾಗಿ ಶಿಗೆರು ಮಿಯಾಮೊಟೊ ರೂಪಿಸಿದ ‘ಡಾಂಕಿ ಕಾಂಗ್’ ಆಟದಲ್ಲಿ ದೊಡ್ಡ ಕೋತಿಯೊಂದು ಹೆಣ್ಣನ್ನು ಎತ್ತಿಕೊಂಡು ಹೋಗಿ ಉಕ್ಕಿನ ತೊಲೆಗಳ ಮೇಲೆ ಕೂರುತ್ತದೆ. ಬಡಗಿಯೊಬ್ಬ ಏಣಿ ಹತ್ತಿ, ಉರುಳಿ ಬರುವ ಪೀಪಾಯಿ ಹಾರಿ ಮೇಲೆ ಹೋಗಬೇಕು. ಆ ಹೆಣ್ಣಿಗೆ ಮೊದಲು ಹೆಸರೂ ಇರಲಿಲ್ಲ, ಪಾಲಿನ್ ಎಂಬ ಹೆಸರು ಆಮೇಲೆ ಬಂತು. ಕಿಷ್ಕಿಂಧೆಯ ಮಗ್ಗುಲಲ್ಲೇ ಇರುವ ಗಂಗಾವತಿಯವರಿಗೆ ಈ ಕಥೆ ತಲೆಕೆಳಗಾಗಿ ಕಂಡರೆ ಆಶ್ಚರ್ಯವಿಲ್ಲ. ಆನೆಗೊಂದಿಯ ಆಚೆ ಅಂಜನಾದ್ರಿಯಲ್ಲಿ ಕೋತಿ ಕದಿಯುವವನಲ್ಲ, ಹುಡುಕಿ ಕೊಡುವವನು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಅದೇ ಬಡಗಿ ಮಾರಿಯೊ ಎಂಬ ಕೊಳಾಯಿ ರಿಪೇರಿಯವನಾಗಿ ಪೀಚ್ ಎಂಬ ರಾಜಕುಮಾರಿಯನ್ನು ಹುಡುಕಿ ಹೊರಟ. ಒಂದೊಂದು ಕೋಟೆ ಗೆದ್ದಾಗಲೂ ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ ಎಂಬ ಉತ್ತರ. ಆಟ ಪೂರ್ತಿ ನಡೆಯುವುದು ಅವಳ ಹೆಸರಿನಲ್ಲಿ, ಅವಳು ಮಾಡುವ ಕೆಲಸ ಮಾತ್ರ ಒಂದೂ ಇಲ್ಲ.

ಇದರ ಪಕ್ಕದಲ್ಲೇ ಬೇರೆ ದಾರಿಯೂ ಇತ್ತು. 1980ರಲ್ಲಿ ‘ಪ್ಯಾಕ್-ಮ್ಯಾನ್’ ಮಾಡಿದ ತೋರು ಇವತಾನಿ, ಗಂಡಸರೇ ತುಂಬಿದ ಆಟದ ಅಂಗಡಿಗಳಿಗೆ ಹೆಂಗಸರೂ ಬರಲಿ ಎಂದು ತಿನ್ನುವ ಆಟವನ್ನು ಆರಿಸಿಕೊಂಡೆ ಎಂದಿದ್ದಾನೆ. ಹೆಂಗಸರಿಗೆ ತಿನಿಸೇ ಆಸಕ್ತಿ ಎಂಬ ಊಹೆ ಎಷ್ಟು ಸರಿಯೋ, ಆಟವಂತೂ ಗೆದ್ದಿತು. 1982ರಲ್ಲಿ ಅಮೆರಿಕದಲ್ಲಿ ‘ಮಿಸ್ ಪ್ಯಾಕ್-ಮ್ಯಾನ್’ ಬಂತು. ಅದೇ ಹಳದಿ ದುಂಡು ಬಿಲ್ಲೆ. ತಲೆಗೆ ರಿಬ್ಬನ್, ತುಟಿಗೆ ಬಣ್ಣ, ಕೆನ್ನೆಗೆ ಮಚ್ಚೆ ಸೇರಿದವು. ಗಂಡು ರೂಪಕ್ಕೆ ಏನೂ ಬೇಡ, ಹೆಣ್ಣು ಎಂದು ಗೊತ್ತಾಗಲು ಒಡವೆ ಬೇಕು ಎಂಬ ಚಿತ್ರರೂಢಿ ಅಲ್ಲಿಂದ ಇಂದಿನ ಮೊಬೈಲ್ ಆಟಗಳವರೆಗೂ ಬಂದಿದೆ. ತೊಗಲು ಗೊಂಬೆಯಲ್ಲಿ ಗಂಡಸರಿಗೂ ಕಿರೀಟ, ಕುಂಡಲ, ತೋಳಬಂದಿ ಇವೆ. ಆ ಮಟ್ಟಿಗೆ ನಮ್ಮ ಗೊಂಬೆ ಹೆಚ್ಚು ಸಮದೃಷ್ಟಿಯದು. 1986ರ ‘ಮೆಟ್ರಾಯ್ಡ್’ ಮಾಡಿದ ಚಮತ್ಕಾರ ಇನ್ನೊಂದು ತರಹದ್ದು. ಆಟವಿಡೀ ಲೋಹದ ಕವಚದೊಳಗೆ ಕಾದಾಡುವ ಸಾಮಸ್ ಅರಾನ್ ಹೆಣ್ಣು ಎಂಬುದು ಕೊನೆಗಷ್ಟೇ ಬಯಲಾಗುತ್ತದೆ. ಎಷ್ಟು ಬೇಗ ಆಟ ಮುಗಿಸುತ್ತೀರೋ ಅಷ್ಟು ಕಡಿಮೆ ಬಟ್ಟೆಯಲ್ಲಿ ಅವಳನ್ನು ತೋರಿಸುವ ಏರ್ಪಾಡೂ ಇತ್ತು. ಇಡೀ ಆಟದ ಕೆಲಸವೆಲ್ಲ ಅವಳದು, ಕೊನೆಗೆ ಅವಳೇ ಆಟಗಾರನಿಗೆ ಸಿಗುವ ಬಹುಮಾನ.

2013ರಲ್ಲಿ ಅಮೆರಿಕದ ಆಟ ನಿರ್ಮಾಪಕ ಮೈಕ್ ಮೀಕಾನ ಮೂರು ವರ್ಷದ ಮಗಳು, ತಾನು ಹುಡುಗಿಯಾಗಿ ಆಡಿ ಮಾರಿಯೊನನ್ನು ಬಿಡಿಸಿ ತರಬೇಕು ಎಂದು ಹಟ ಹಿಡಿದಳು. ಅಪ್ಪ ರಾತ್ರಿ ಕೂತು ಹಳೆಯ ‘ಡಾಂಕಿ ಕಾಂಗ್’ ಅನ್ನು ತಿದ್ದಿ, ಪಾಲಿನ್ ಏಣಿ ಹತ್ತುವಂತೆಯೂ ಮಾರಿಯೊ ಮೇಲೆ ಕೂತು ಕಾಯುವಂತೆಯೂ ಮಾಡಿಕೊಟ್ಟ. ಚಿತ್ರದ ಕೆಲವು ಚುಕ್ಕಿಗಳನ್ನು ಬದಲಿಸಿದರೆ ಸಾಕಿತ್ತು. ಮೂವತ್ತು ವರ್ಷ ಯಾರೂ ಅದನ್ನು ಮಾಡದೆ ಇದ್ದುದಕ್ಕೆ ತಂತ್ರಜ್ಞಾನದ ಅಡ್ಡಿ ಕಾರಣವಾಗಿರಲಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೂ 2014ರಲ್ಲಿ ಯೂಬಿಸಾಫ್ಟ್ ಕಂಪನಿಯ ಕಡೆಯಿಂದ, ‘ಅಸಾಸಿನ್ಸ್ ಕ್ರೀಡ್ ಯೂನಿಟಿ’ಗೆ ಹೆಣ್ಣು ಪಾತ್ರ ಸೇರಿಸಿದರೆ ಚಲನೆ, ಉಡುಪುಗಳ ಕೆಲಸ ಇಮ್ಮಡಿಯಾಗುತ್ತದೆ ಎಂಬ ಸಮಜಾಯಿಷಿ ಬಂತು, ಸಾಕಷ್ಟು ನಗೆಪಾಟಲೂ ಆಯಿತು.

ಲಾರಾ ಮತ್ತು ನಂತರದವರು

1996ರ ‘ಟೂಂಬ್ ರೈಡರ್’ನ ಲಾರಾ ಕ್ರಾಫ್ಟ್ ಬಗ್ಗೆ ಬರೆದಷ್ಟು ಬೇರಾವ ಆಟದ ಹೆಣ್ಣಿನ ಬಗ್ಗೆಯೂ ಬರೆದಿಲ್ಲ. ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಸಂಸ್ಥೆಯಲ್ಲಿ ಟೋಬಿ ಗಾರ್ಡ್ ರೂಪಿಸಿದ ಈಕೆ ಗುಹೆ ಇಳಿಯುತ್ತಾಳೆ, ಬಂಡೆ ಹತ್ತುತ್ತಾಳೆ, ಒಗಟು ಬಿಡಿಸುತ್ತಾಳೆ, ಎರಡೂ ಕೈಯಲ್ಲಿ ಪಿಸ್ತೂಲು ಹಾರಿಸುತ್ತಾಳೆ. ಕೆಲಸದ ಪಟ್ಟಿ ನೋಡಿದರೆ ಅಂದಿನ ಯಾವ ಗಂಡು ಪಾತ್ರಕ್ಕೂ ಕಡಿಮೆಯಿಲ್ಲ. ಜಾಹೀರಾತು ಮಾತ್ರ ಅವಳ ಎದೆಯ ಸುತ್ತಲೇ ತಿರುಗಿತು. ಆ ಪ್ರಚಾರದ ಧಾಟಿಗೆ ಬೇಸತ್ತ ಗಾರ್ಡ್ ಸಂಸ್ಥೆಯನ್ನೇ ಬಿಟ್ಟ. 2013ರಲ್ಲಿ ಲೇಖಕಿ ರಿಯಾನಾ ಪ್ರಾಚೆಟ್ ಬರೆದ ಹೊಸ ಕಥೆಯಲ್ಲಿ ಲಾರಾ ಬೀಳುವ, ನಡುಗುವ, ಕಲಿಯುವ ಹುಡುಗಿಯಾಗಿ ಮರಳಿ ಬಂದಳು.

ಈ ಹೊತ್ತಿಗೆ ಎಣಿಕೆಯ ಅಧ್ಯಯನಗಳೂ ಬಂದವು. 2009ರಲ್ಲಿ ಡಿಮಿಟ್ರಿ ವಿಲಿಯಮ್ಸ್ ಮತ್ತು ಸಂಗಡಿಗರು 150 ಜನಪ್ರಿಯ ಆಟಗಳ ಪಾತ್ರಗಳನ್ನು ಎಣಿಸಿದಾಗ ಗಂಡು ಸುಮಾರು ಶೇ 85, ಹೆಣ್ಣು ಶೇ 15 ಸಿಕ್ಕಿತು. 2023ರಲ್ಲಿ ಸ್ಟೆಫನಿ ರೆನಿಕ್, ಶಾನ್ ರಾಬರ್ಟ್ಸ್ ಮತ್ತಿತರರು 50 ಆಟಗಳ 13 ಸಾವಿರಕ್ಕೂ ಹೆಚ್ಚು ಪಾತ್ರಗಳ ಮಾತುಗಳನ್ನು ಲೆಕ್ಕ ಹಾಕಿದರು. ಗಂಡು ಪಾತ್ರಗಳ ಮಾತು ಹೆಣ್ಣು ಪಾತ್ರಗಳದ್ದಕ್ಕಿಂತ ಸುಮಾರು ಎರಡು ಪಟ್ಟು. ಚಿತ್ರದಲ್ಲಿ ಹೆಣ್ಣಿದ್ದರೂ ಬಾಯಿ ಕಡಿಮೆ ಎಂದಾಯಿತು. ಮೋರನಾಳದ ಆಟದಲ್ಲಿ ಹೆಂಗಸರೂ ತೆರೆಯ ಹಿಂದೆ ಕೂತು ಹಾಡಿ, ಮಾತಾಡಿ, ಗೊಂಬೆ ಹಿಡಿಯುವುದರಿಂದ ಬಂಗಾರಕ್ಕನ ಬಾಯಿ ಮಾತ್ರ ಯಾವತ್ತೂ ಕಡಿಮೆಯಾಗಿಲ್ಲ.

ಎಣಿಕೆಗಿಂತ ದೊಡ್ಡ ಗದ್ದಲವಾದದ್ದು ವಿಮರ್ಶೆಯಿಂದ. ಅನಿಟಾ ಸರ್ಕೀಸಿಯನ್ ಎಂಬ ವಿಮರ್ಶಕಿ ಆಟಗಳಲ್ಲಿ ಹೆಣ್ಣಿನ ಸಿದ್ಧಮಾದರಿಗಳ ಬಗ್ಗೆ ವಿಡಿಯೊ ಸರಣಿ ಮಾಡಲು 2012ರಲ್ಲಿ ಜನರಿಂದ 6 ಸಾವಿರ ಡಾಲರ್ ಕೇಳಿದರು. ಬಂದದ್ದು 1 ಲಕ್ಷ 58 ಸಾವಿರ ಮೀರಿತು, ಜೊತೆಗೆ ಬೆದರಿಕೆಗಳ ಮಳೆ. 2014ರ ‘ಗೇಮರ್‌ಗೇಟ್’ ಎಂಬ ಹೆಸರಿನ ಆಂದೋಲನದಲ್ಲಿ ಆಟ ತಯಾರಿಸುವ, ಆಟದ ಬಗ್ಗೆ ಬರೆಯುವ ಹೆಂಗಸರ ಮೇಲೆ ಕಿರುಕುಳ ಮುಗಿಬಿತ್ತು. 2020ರ ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗದಲ್ಲಿ ಗಟ್ಟಿ ತೋಳಿನ ಆ್ಯಬಿ ಬಂದಾಗ, ಆ ಪಾತ್ರಕ್ಕೆ ದನಿ ಕೊಟ್ಟ ಲಾರಾ ಬೇಲಿಗೇ ಕೊಲೆ ಬೆದರಿಕೆ ಹಾಕಿದರು. ದೊಡ್ಡಾಟದಲ್ಲಿ ರಾವಣನಾದವನಿಗೆ ಜನ ಚಪ್ಪಾಳೆ ತಟ್ಟಿದ್ದುಂಟು, ಬೈದದ್ದುಂಟು. ಆ ಪಾತ್ರಕ್ಕಾಗಿ ಅವನನ್ನು ಮನೆವರೆಗೆ ಅಟ್ಟಿಸಿಕೊಂಡು ಹೋದದ್ದು ಕೇಳಿಲ್ಲ.

ಹೊಯ್ಸಳ ನಾಡಿಗೆ ಬಂದ ಇಬ್ಬರು

ಕರ್ನಾಟಕವೇ ನೆಲವಾಗಿರುವ, ಹೆಣ್ಣೇ ನಡೆಸುವ ದೊಡ್ಡ ಆಟವೊಂದಿದೆ. ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರ ಆಗಸ್ಟ್‌ನಲ್ಲಿ ಹೊರತಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯ ಕಥೆ ಪಶ್ಚಿಮಘಟ್ಟದಲ್ಲಿ ನಡೆಯುತ್ತದೆ. ಹುಡುಕುವುದು ಗಣೇಶನ ದಂತ, ದಾರಿ ಹೋಗುವುದು ಹೊಯ್ಸಳರ ಹಳೇಬೀಡು, ಬೇಲೂರುಗಳ ಮೂಲಕ. ನಾಯಕಿ ಕ್ಲೋಯಿ ಫ್ರೇಜರ್ ಭಾರತೀಯ ಮೂಲದ ತಂದೆಯ ಮಗಳು. ಜೊತೆಗಾತಿ ದಕ್ಷಿಣ ಆಫ್ರಿಕದ ನದೀನ್ ರಾಸ್. 2009ರ ಆಟದಲ್ಲಿ ಕ್ಲೋಯಿ ನಾಯಕನ ಪ್ರೇಯಸಿಯಾಗಿ ಬಂದಿದ್ದಳು, 2016ರದ್ದರಲ್ಲಿ ನದೀನ್ ಶತ್ರುವಾಗಿ. ಬದಿಯಲ್ಲಿದ್ದ ಇಬ್ಬರನ್ನು ತಂದು ನಡುವೆ ನಿಲ್ಲಿಸಿದ್ದು ಇಲ್ಲಿನ ಹೊಸತು. ಜೀಪು ಓಡಿಸುತ್ತ, ಪ್ರಪಾತದ ಅಂಚಿನಲ್ಲಿ ಹಗ್ಗ ಹಿಡಿದು ಜೋಲುತ್ತ, ಪರಸ್ಪರ ನಂಬಿಕೆ ಕೆಟ್ಟು ಜಗಳವಾಡಿ, ಆನೆಯೊಂದನ್ನು ಪಾರುಮಾಡಿ ಮುಂದೆ ಹೋಗುವ ಇವರ ಮಾತುಕತೆಯಲ್ಲಿ ಗಂಡಸಿನ ಪ್ರೇಮದ ಚಿಂತೆ ಇಲ್ಲ. ಮಾರುಕಟ್ಟೆಯಲ್ಲಿ ಸಿಗುವ, ಮೀನು ಎಂಬ ಹೆಸರಿನ ಚೂಟಿ ಹುಡುಗಿಯೂ ನೆನಪಿನಲ್ಲಿ ಉಳಿಯುತ್ತಾಳೆ.

ತಕರಾರುಗಳೂ ಇವೆ. ಕಪ್ಪು ವರ್ಣದ ನದೀನ್‌ಗೆ ದನಿ ಕೊಟ್ಟದ್ದು ಬಿಳಿಯ ನಟಿ. ಚರಿತ್ರೆಯನ್ನು ಆಟ ತನಗೆ ಬೇಕಾದ ಹಾಗೆ ಎಳೆದಾಡಿದೆ. ಕಾಡಿನಲ್ಲಿ ಕಳೆದುಹೋದ ನಗರವಾಗಿ ಕಾಣಿಸುವ ಬೇಲೂರಿಗೆ ಹಾಸನದಿಂದ ದಿನವಿಡೀ ಬಸ್ಸಿದೆ. ನನಗೆ ಇನ್ನೂ ದೊಡ್ಡ ನಷ್ಟ ಎನ್ನಿಸುವುದು ಬೇರೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರು ಕನ್ನಡ ನಾಡಿನ ಕೈ ತುಂಬ ಕೆಲಸವಿರುವ ಹೆಣ್ಣು ಪಾತ್ರಗಳು. ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಅದನ್ನೇ ಎಲ್ಲರೂ ಫೋಟೊ ಹೊಡೆಯುತ್ತಾರೆ. ಆದರೆ ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ನಿಂತಿದ್ದಾಳೆ, ಇನ್ನೊಬ್ಬಳು ವಾದ್ಯ ನುಡಿಸುತ್ತಿದ್ದಾಳೆ, ಮತ್ತೊಬ್ಬಳು ಸೆರಗು ಎಳೆಯುವ ಕೋತಿಯನ್ನು ಗದರುತ್ತಿದ್ದಾಳೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಅದಕ್ಕೂ ಐದು ವರ್ಷ ಮೊದಲು, 1112ರಲ್ಲಿ, ಕಲ್ಯಾಣ ಚಾಲುಕ್ಯರ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯವನ್ನು ನೋಡಿದವರಿಗೆ ಈ ಶಿಲ್ಪದ ಹಿಂದಿನ ಕೈಚಳಕ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಆಟ ಹೊಯ್ಸಳರಿಂದ ಗೋಪುರ, ದ್ವಾರ, ಆಯುಧಗಳನ್ನು ಎರವಲು ಪಡೆಯಿತು. ಆ ಬೇಟೆಗಾರ್ತಿಯನ್ನು ಕಂಬದಿಂದ ಇಳಿಸಿಕೊಳ್ಳಬಹುದಿತ್ತು.

ಭಾರತದ ದೇವಿಯರು

ಭಾರತೀಯ ಹೆಣ್ಣನ್ನು ಹೊರಗಿನವರು ಚಿತ್ರಿಸಿದಾಗ ಆಕೆ ಬೇಗನೆ ದೇವಿಯಾಗುತ್ತಾಳೆ. 2012ರಲ್ಲಿ ‘ಸ್ಮೈಟ್’ ಎಂಬ ಕಾದಾಟದ ಆಟದಲ್ಲಿ ಕಾಳಿಯನ್ನು ಅರೆಬೆತ್ತಲೆಯಾಗಿ, ಆಟಗಾರ ಬೇಕೆಂದಂತೆ ಓಡಾಡಿಸುವ ಹೋರಾಟಗಾರ್ತಿಯಾಗಿ ತೋರಿಸಿದ್ದಕ್ಕೆ ಅಮೆರಿಕದ ಹಿಂದೂ ಮುಖಂಡ ರಾಜನ್ ಝೆಡ್ ಆಕ್ಷೇಪಿಸಿದರು. 2016ರ ‘ಓವರ್‌ವಾಚ್’ನ ಸಿಮೆಟ್ರಾ ಹೈದರಾಬಾದಿನ ಸತ್ಯಾ ವಾಸ್ವಾನಿ, ಬೆಳಕನ್ನು ಹೆಣೆದು ಕಟ್ಟಡ ಕಟ್ಟುವ ವಾಸ್ತುಶಿಲ್ಪಿ. ಅವಳಿಗೂ ಒಂದು ದೇವಿ ವೇಷ ಹೊಂದಿಸಿದರು, ಅದಕ್ಕೂ ಆಕ್ಷೇಪ ಬಂತು. ಆಕ್ಷೇಪದ ಧಾರ್ಮಿಕ ಮುಖ ಒಂದು ಕಡೆಗಿರಲಿ. ಕಟ್ಟಡ ಕಟ್ಟುವ ಹೆಣ್ಣಿಗೆ ದೇವಿಯ ಅಲಂಕಾರ ಯಾಕೆ ಬೇಕಾಯಿತು ಎಂಬ ಪ್ರಶ್ನೆ ಉಳಿಯುತ್ತದೆ.

ಒಳಗಿನವರು ಮಾಡಿದಾಗಲೂ ದೇವಿ ಬರುತ್ತಾಳೆ, ಆದರೆ ಬರುವ ರೀತಿ ಬೇರೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಬಿಡುಗಡೆ ಮಾಡಿದ ‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’ನ ನಾಯಕಿ ರಾಜಿ ಅನಾಥೆ, ಸರ್ಕಸ್ಸಿನ ಹುಡುಗಿ. ಅಸುರರು ಎತ್ತಿಕೊಂಡು ಹೋದ ತಮ್ಮ ಗೋಲುವನ್ನು ಹುಡುಕಿ ಹೊರಡುತ್ತಾಳೆ. ದುರ್ಗೆ ಅವಳಿಗೆ ತ್ರಿಶೂಲ ಕೊಡುತ್ತಾಳೆ. ದುರ್ಗೆ, ವಿಷ್ಣು ಮೇಲಿನಿಂದ ಮಾತಾಡಿಕೊಳ್ಳುತ್ತ ಕಥೆ ಹೇಳುತ್ತಾರೆ. ಪೀಚ್, ಪಾಲಿನ್‌ರ ಲೆಕ್ಕ ಇಲ್ಲಿ ತಿರುವುಮುರುವಾಗಿದೆ: ಸೆರೆಸಿಕ್ಕವನು ಹುಡುಗ, ಬಿಡಿಸಲು ಹೊರಟವಳು ಅಕ್ಕ. ರಾಜಿಯ ಹೋರಾಟವೂ ಸರ್ಕಸ್ಸಿನ ಕಸುಬೇ. ಕಂಬ ಹಿಡಿದು ಸುತ್ತುತ್ತಾಳೆ, ಗೋಡೆಯ ಮೇಲೆ ಓಡುತ್ತಾಳೆ, ಲಾಗ ಹೊಡೆಯುತ್ತಾಳೆ. ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಶ್ರುತಿ ಘೋಷ್ ಇದರ ಕಲೆಯ ಹೊಣೆ ಹೊತ್ತವರು. ಕೊಪ್ಪಳದವರು ಈ ಆಟವನ್ನು ಒಮ್ಮೆ ನೋಡಲೇಬೇಕಾದ್ದಕ್ಕೆ ಬೇರೊಂದು ಕಾರಣವಿದೆ. ಕಥೆ ಮುಂದೆ ಸಾಗುವ ದೃಶ್ಯಗಳಲ್ಲಿ ಆಟ ತನ್ನ ಮೂರು ಆಯಾಮದ ವೈಭವವನ್ನೆಲ್ಲ ಬದಿಗಿಟ್ಟು ತೊಗಲು ಗೊಂಬೆಯ ನೆರಳಾಟಕ್ಕೆ ಇಳಿಯುತ್ತದೆ. ಕೋಲಿನ ತುದಿಯ ಗೊಂಬೆಗಳು, ಹಿಂದಿನ ಬೆಳಕು, ಬದಿಗೆ ತಿರುಗಿದ ಮುಖಗಳು. ಅಲ್ಲಿ ರಾಜಿ ಸೀತೆಯ ಹಾಗೆ ಮರಕ್ಕೆ ಅಂಟಿಕೊಂಡಿಲ್ಲ.

ಬಂಗಾರಕ್ಕನ ಜಾತಿಯ ಹೆಣ್ಣು ಇನ್ನೂ ಕಡಿಮೆ. 2007ರ ‘ಪೋರ್ಟಲ್’ನಲ್ಲಿ ಬಹುಹೊತ್ತು ದೇಹ ಕಾಣಿಸದ, ನಾಲಗೆ ಮಾತ್ರ ಕೇಳಿಸುವ ಗ್ಲಾಡೊಸ್ ಎಂಬ ಯಂತ್ರದ ಹೆಣ್ಣುದನಿ ಆಟಗಾರನನ್ನು ಉದ್ದಕ್ಕೂ ಹಂಗಿಸುತ್ತದೆ, ನಗಿಸುತ್ತಲೇ ಕೊಲ್ಲಲು ನೋಡುತ್ತದೆ. ಮನೆಯೊಳಗಿನ ಹೆಣ್ಣನ್ನು ತಂದದ್ದು 2023ರ ‘ವೆಣ್ಬಾ’. ಕೆನಡಾದ ಟೊರಾಂಟೊ ಮೂಲದ ವಿಸೈ ಗೇಮ್ಸ್ ಮಾಡಿದ ಈ ಪುಟ್ಟ ಆಟದಲ್ಲಿ ತಮಿಳುನಾಡಿನಿಂದ ಹೋಗಿ ಕೆನಡಾದಲ್ಲಿ ನೆಲೆಸಿದ ತಾಯಿಯೊಬ್ಬಳು, ಕಲೆಯಾಗಿ ಅರ್ಧ ಅಳಿಸಿಹೋದ ತನ್ನ ತಾಯಿಯ ಅಡುಗೆ ಪುಸ್ತಕ ನೋಡಿ ಇಡ್ಲಿ, ಪುಟ್ಟು, ಬಿರಿಯಾನಿ ಮಾಡುತ್ತಾಳೆ. ಆಟಗಾರ ಮಾಡಬೇಕಾದ ಸಾಹಸ ಇಷ್ಟೇ: ಇಡ್ಲಿ ಪಾತ್ರೆಯ ತಟ್ಟೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಉಗಿ ಮೇಲಿನವರೆಗೆ ಹೋಗುತ್ತದೆ ಎಂದು ಕಂಡುಹಿಡಿಯುವುದು. ಒಂದರ ತೂತಿನ ಮೇಲೆ ಒಂದು ಇಡ್ಲಿ ಕೂರಬಾರದು. ಕುಷ್ಟಗಿಯ ಯಾವ ತಾಯಿಯಾದರೂ ನಿದ್ದೆಗಣ್ಣಲ್ಲಿ ಮಾಡುವ ಈ ಕೆಲಸವನ್ನು ಜಗತ್ತಿನ ಆಟಗಾರರು ಎರಡು ಮೂರು ಸಲ ತಪ್ಪಿ ಕಲಿತರು.

ಬೆಂಗಳೂರಿನ ಪಾಲು ಇಲ್ಲಿ ಬೇರೆಯದೇ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದು. ಹೊರದೇಶದ ಆಟಗಳಿಗೆ ಚಿತ್ರ, ವಾಹನ, ಪಾತ್ರಗಳನ್ನು ಮಾಡಿಕೊಡುವುದು ಅದರ ಮುಖ್ಯ ಕೆಲಸವಾಗಿತ್ತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ರಾಕ್‌ಸ್ಟಾರ್‌ನ ‘ಜಿಟಿಎ ವೈಸ್ ಸಿಟಿ’ 2002ರದ್ದು. ಗಂಟೆಗೆ ಇಷ್ಟು ಎಂದು ಕಾಸು ಕೊಟ್ಟು ಸೈಬರ್ ಕೆಫೆಯಲ್ಲಿ ಅದನ್ನು ಆಡಿದ ಒಂದು ತಲೆಮಾರು ನಮ್ಮ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇದೆ. ಅದರಲ್ಲಿ ಹೆಣ್ಣು ಬಹುಪಾಲು ಬೀದಿಬದಿಯವಳು. ಅವಳಿಗೆ ದುಡ್ಡು ಕೊಟ್ಟು, ಆಮೇಲೆ ಹೊಡೆದು ಆ ದುಡ್ಡು ವಾಪಸು ಕಿತ್ತುಕೊಳ್ಳಲೂ ಆಟ ಬಿಡುತ್ತಿತ್ತು. ಯಾರೂ ಮಾಡು ಎನ್ನಲಿಲ್ಲ, ಮಾಡಿದರೆ ತಡೆಯಲೂ ಇಲ್ಲ. ಹೆಣ್ಣಿನಿಂದ ಏನು ಮಾಡಿಸಬಹುದು ಎಂಬಷ್ಟೇ, ಹೆಣ್ಣಿಗೆ ಏನು ಮಾಡಬಹುದು ಎಂಬುದೂ ಚಿತ್ರಣವೇ. ಅದೇ ಸರಣಿಯ ಆರನೆಯ ಆಟದ ಮೊದಲ ತುಣುಕು 2023ರ ಡಿಸೆಂಬರ್‌ನಲ್ಲಿ ಬಂದಾಗ ಲೂಸಿಯಾ ಎಂಬ ಕಥಾನಾಯಕಿ ಕಾಣಿಸಿಕೊಂಡಳು.

ಮೊಬೈಲಿಗೆ ಬಂದ ಮೇಲೆ

ಕನ್ಸೋಲ್ ಕಾಣದ ಊರುಗಳಲ್ಲಿ ಹೆಣ್ಣು ಪಾತ್ರವೆಂದರೆ ಮೊಬೈಲಿನಲ್ಲಿ ಕಂಡವಳು. 2012ರ ‘ಸಬ್‌ವೇ ಸರ್ಫರ್ಸ್’ ಆಡದ ಮಗುವಿಲ್ಲ. ಆಟ ತೆರೆದ ಕೂಡಲೇ ಓಡುವವನು ಜೇಕ್ ಎಂಬ ಹುಡುಗ. ಟ್ರಿಕಿ ಎಂಬ ಹುಡುಗಿ ಬೇಕೆಂದರೆ ಮೂರು ಟೋಪಿ ಕೂಡಿಹಾಕಬೇಕಿತ್ತು. ‘ಟೆಂಪಲ್ ರನ್’ನಲ್ಲಿ ಮೊದಲು ಗಂಡು ಪುಕ್ಕಟೆ, ಸ್ಕಾರ್ಲೆಟ್ ಫಾಕ್ಸ್ ಎಂಬ ಹೆಣ್ಣಿಗೆ ನಾಣ್ಯ ಸೇರಿಸಬೇಕಿತ್ತು. 2015ರಲ್ಲಿ ಅಮೆರಿಕದ 12 ವರ್ಷದ ಹುಡುಗಿಯೊಬ್ಬಳು ಇಂಥ 50 ಓಟದ ಆಟಗಳನ್ನು ತೆಗೆದು ನೋಡಿ ಪತ್ರಿಕೆಗೆ ಬರೆದಳು: ಗಂಡು ಪಾತ್ರವನ್ನು ಪುಕ್ಕಟೆ ಕೊಡುವ ಆಟ ಶೇ 90, ಹೆಣ್ಣು ಪಾತ್ರವನ್ನು ಪುಕ್ಕಟೆ ಕೊಡುವವು ಶೇ 15. ಆಮೇಲೆ ಕೆಲವು ಕಂಪನಿಗಳು ತಿದ್ದಿಕೊಂಡವು.

ಬಂದೂಕಿನ ಆಟಗಳಲ್ಲಿ ಎರಡು ಮಾದರಿಗಳಿವೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾಗಿ, 2021ರ ಜುಲೈನಲ್ಲಿ ಬಿಜಿಎಂಐ ಹೆಸರಿನಲ್ಲಿ ಭಾರತಕ್ಕೆ ಮರಳಿತು. ಅದರಲ್ಲಿ ಗಂಡು, ಹೆಣ್ಣು ಎಂಬುದು ಬರೀ ವೇಷ. ಓಟ, ಗುರಿ, ಪ್ರಾಣ ಇಬ್ಬರಿಗೂ ಒಂದೇ. ಭಾರತಕ್ಕಾಗಿ ಮಾಡಿಕೊಂಡ ಬದಲಾವಣೆಗಳಲ್ಲಿ ನೆತ್ತರಿನ ಬಣ್ಣ ಹಸಿರಾದದ್ದು ಒಂದಾದರೆ, ಪಾತ್ರಗಳು ಮೊದಲಿನಿಂದಲೇ ಬಟ್ಟೆ ತೊಟ್ಟು ಬರುವಂತೆ ಮಾಡಿದ್ದು ಇನ್ನೊಂದು. 2022ರ ಫೆಬ್ರುವರಿಯಲ್ಲಿ ನಿಷೇಧವಾದ ‘ಫ್ರೀ ಫೈರ್’ನದ್ದು ಬೇರೆ ಮಾದರಿ: ಒಬ್ಬೊಬ್ಬರಿಗೆ ಒಂದೊಂದು ಗುಣ. ಕೆಲ್ಲಿ ಶಾಲೆಯ ಓಟಗಾರ್ತಿ, ಹೆಚ್ಚು ಜೋರಾಗಿ ಓಡುತ್ತಾಳೆ. ಒಲಿವಿಯಾ ನರ್ಸ್, ಬಿದ್ದವರನ್ನು ಎಬ್ಬಿಸಿದಾಗ ಅವರಿಗೆ ಹೆಚ್ಚು ಜೀವ ಬರುತ್ತದೆ. ಮೋಕೊ ಕಂಪ್ಯೂಟರ್ ಕಳ್ಳಿ, ಶತ್ರುವಿಗೆ ಗುರುತು ಹಾಕುತ್ತಾಳೆ. ವೇಷದ ವಿಷಯದಲ್ಲಿ ಈ ಆಟಕ್ಕೆ ಸಂಕೋಚ ಕಡಿಮೆ. ಆದರೂ ಹುಡುಗರು ಕೆಲ್ಲಿಯನ್ನು ಆರಿಸುತ್ತಿದ್ದುದು ಓಟಕ್ಕಾಗಿ.

ಹುಡುಗರು ಹೆಣ್ಣು ಪಾತ್ರ ಹಿಡಿದು ಆಡುವುದು ಜಗತ್ತಿನಾದ್ಯಂತ ಸಾಮಾನ್ಯ. ದೊಡ್ಡಾಟ, ಸಣ್ಣಾಟಗಳಲ್ಲಿ ಗಂಡಸರೇ ಸೀರೆಯುಟ್ಟು ದ್ರೌಪದಿ, ಗಂಗಿಯರಾದ ಸೀಮೆಯಲ್ಲಿ ಇದು ಯಾರಿಗೂ ವಿಚಿತ್ರ ಎನಿಸಿಲ್ಲ. ಇಲ್ಲಿ ಭಾಷೆಯೂ ಒಂದು ಸಣ್ಣ ಆಟ ಆಡುತ್ತದೆ. ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ನಾಲ್ವರು ಹುಡುಗರು ತಲೆ ಕೂಡಿಸಿ ಆಡುವಾಗ ಕಿವಿಗೊಡಿ. ತೆರೆಯ ಮೇಲೆ ಬಿದ್ದದ್ದು ಜಡೆ ಹಾಕಿದ ಹೆಣ್ಣು ಗೊಂಬೆ, ಬಾಯಿಂದ ಬರುವುದು “ಲೇ, ನಾ ಸತ್ತೆ, ಎಬ್ಸಲೇ.” ಎದುರಿನ ಪಾತ್ರವಾದರೆ “ಅಕಿ ಮನಿಯಾಗ ಹೊಕ್ಳು ನೋಡು” ಅಂತಾನೆ, ಒಮ್ಮೊಮ್ಮೆ ಹೆಣ್ಣನ್ನು ನಪುಂಸಕ ಮಾಡುವ ಇಲ್ಲಿನ ವಾಡಿಕೆಯಂತೆ “ಅದು ಸತ್ತು ಹೋತು” ಎಂದೂ ಆಗುತ್ತದೆ. ಕನ್ನಡದ ಕ್ರಿಯಾಪದ ಅವನು, ಅವಳು, ಅದು ಎಂಬಲ್ಲಿ ಲಿಂಗ ತೋರಿಸುತ್ತದೆ, ನಾನು ಎಂಬಲ್ಲಿ ಬಚ್ಚಿಡುತ್ತದೆ. ಹಿಂದಿಯಲ್ಲಿ ಸತ್ತವರು ‘ಮರ್ ಗಯಾ’ ಅನ್ನಬೇಕು, ಇಲ್ಲವೇ ‘ಮರ್ ಗಯೀ’.

ಹುಡುಗಿಯರಿಗೆ ಈ ಬಚ್ಚಿಡುವಿಕೆ ಉಪಯೋಗಕ್ಕೆ ಬರುತ್ತದೆ. ಧ್ವನಿ ಕೇಳಿಸಿದೊಡನೆ ಮದುವೆ ಪ್ರಸ್ತಾಪದಿಂದ ಬೈಗುಳದವರೆಗೆ ಎಲ್ಲ ಶುರುವಾಗುವುದರಿಂದ ಗಂಡು ಹೆಸರಿಟ್ಟುಕೊಂಡು, ಗಂಡು ಪಾತ್ರ ಆರಿಸಿಕೊಂಡು, ಮೈಕ್ ಮುಚ್ಚಿ ಆಡುವ ಹುಡುಗಿಯರು ಎಲ್ಲ ದೇಶಗಳಲ್ಲೂ ಇದ್ದಾರೆ. ಯಲಬುರ್ಗಾದ ಒಂದು ಮನೆಯ ಅಟ್ಟದ ಮೇಲೆ, ಅಣ್ಣ ಕೆಲಸಕ್ಕೆ ಹೋದ ಮೇಲೆ ಮೊಬೈಲ್ ಕೈಗೆ ಸಿಕ್ಕವಳೂ ಅವರಲ್ಲಿ ಒಬ್ಬಳು ಎಂದುಕೊಳ್ಳಿ. ಆಟದಲ್ಲಿ ಅವಳು ಗಡ್ಡದ ಗಂಡಸು. ಗುಂಪಿನ ಉಳಿದ ಮೂವರಿಗೆ ಅವಳ ಗುರಿ ಹಿಡಿಸಿದೆ.

“ಲೇ ದೋಸ್ತ, ಮೈಕ್ ಆನ್ ಮಾಡಲೇ, ಮಾತಾಡು,” ಅಂತ ಒಬ್ಬ.

ಅವಳು ಬೆರಳಲ್ಲಿ ಕುಟ್ಟಿ ಕಳಿಸುತ್ತಾಳೆ: “ಮೈಕ್ ಕೆಟ್ಟೈತಿ.”